ಹೆಸರಾದ ಚಿತ್ರದ ಪಕ್ಕದಲ್ಲಿ ಕೂತ ಚಿತ್ರ

ನಮ್ಮ ಮನೆಯ ಕಪಾಟಿನ ಕೆಳಗಿನ ಖಾನೆಯಲ್ಲಿ ಒಂದು ಪೆಟ್ಟಿಗೆ ಇದೆ. ಎರಡೂ ಕೈಯಲ್ಲಿ ಹಿಡಿದೇ ಎತ್ತಬೇಕು, ಅಷ್ಟು ಭಾರ. ಹಳೆಯ ಹಾಲಿವುಡ್ ಚಿತ್ರಗಳ ಡಿವಿಡಿ ಬಾಕ್ಸ್ ಸೆಟ್, ಹೆಸರು ‘ಫೋರ್ಡ್ ಅಟ್ ಫಾಕ್ಸ್’. ನಿರ್ದೇಶಕ ಜಾನ್ ಫೋರ್ಡ್ ಫಾಕ್ಸ್ ಸ್ಟುಡಿಯೊಗೆ ಮಾಡಿಕೊಟ್ಟ ಚಿತ್ರಗಳ ಪೈಕಿ 24 ಅದರೊಳಗಿವೆ. 21 ಡಿಸ್ಕ್, ಜೊತೆಗೆ ಒಂದು ದೊಡ್ಡ ಫೋಟೊ ಪುಸ್ತಕ. 2007ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಹೊರಬಂತು. ಬೆಲೆ ಹತ್ತಿರ ಹತ್ತಿರ 300 ಡಾಲರ್. ಆಗಿನ ಲೆಕ್ಕದಲ್ಲಿ 12 ಸಾವಿರ ರೂಪಾಯಿ. ಹೈಸ್ಕೂಲ್ ಮೇಷ್ಟರ ಸಂಬಳದಲ್ಲಿ ಅದು ಸಣ್ಣ ಮೊತ್ತ ಆಗಿರಲಿಲ್ಲ. ತಿಂಗಳು ತಿಂಗಳು ಎತ್ತಿಟ್ಟು, ಒಂದೂವರೆ ವರ್ಷದ ಮೇಲೆ ಅಕ್ಕನಿಗೆ ಹೇಳಿದೆ. ಅಕ್ಕ, ಭಾವ ನ್ಯೂಜೆರ್ಸಿಯಿಂದ ಬರುವಾಗ ಸೀರೆಗಳ ನಡುವೆ ಸುತ್ತಿ ತಂದರು. "ನಿನ್ನ ಸಿನಿಮಾಗೋಸ್ಕರ ಮಕ್ಕಳ ಚಾಕೊಲೇಟ್ ಕಡಿಮೆ ಮಾಡಿದೀವಿ ಕಣಪ್ಪ" ಅಂದರು ಭಾವ.

ತಂದ ತಕ್ಷಣ ನೋಡುವ ಹಾಗಿರಲಿಲ್ಲ. ಡಿವಿಡಿ ಲೋಕದಲ್ಲಿ ಅಮೆರಿಕ ರೀಜನ್ 1, ನಮ್ಮ ದೇಶ ರೀಜನ್ 5. ಅಲ್ಲಿನ ಡಿಸ್ಕ್ ಇಲ್ಲಿನ ಪ್ಲೇಯರ್‌ನಲ್ಲಿ ಓಡುವುದಿಲ್ಲ. ಎಸ್.ಪಿ. ರೋಡ್‌ನ ಒಬ್ಬ ಹುಡುಗ ರಿಮೋಟ್‌ನಲ್ಲಿ ಏನೋ ನಾಲ್ಕು ಅಂಕಿ ಒತ್ತಿ ನನ್ನ ಪ್ಲೇಯರ್‌ನ ಬೀಗ ತೆಗೆದುಕೊಟ್ಟ. ಆ ರಾತ್ರಿಯೇ ಶುರು ಮಾಡಿದೆ.

ನಾನು ಆ ಪೆಟ್ಟಿಗೆ ತರಿಸಿದ್ದು ಒಂದೇ ಒಂದು ಚಿತ್ರಕ್ಕಾಗಿ. ‘ಹೌ ಗ್ರೀನ್ ವಾಸ್ ಮೈ ವ್ಯಾಲಿ’, 1941ರದ್ದು. ಜಗತ್ತಿನ ಅತಿ ಶ್ರೇಷ್ಠ ಚಿತ್ರ ಅಂತ ಎಷ್ಟೋ ಜನ ಹೇಳುವ ‘ಸಿಟಿಜನ್ ಕೇನ್’ ಸ್ಪರ್ಧೆಯಲ್ಲಿದ್ದ ವರ್ಷ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದದ್ದು ಇದು. ಅದಕ್ಕಾಗಿಯೇ ಎಷ್ಟೋ ಜನ ಇದನ್ನು ಇವತ್ತಿಗೂ ಬೈಯುತ್ತಾರೆ. ಬೈಯುವವರು ಮೊದಲು ಒಮ್ಮೆ ನೋಡಬೇಕು. ವೇಲ್ಸ್‌ನ ಒಂದು ಕಲ್ಲಿದ್ದಲು ಗಣಿಯ ಊರು. ಅಪ್ಪ, ಅಣ್ಣಂದಿರು ಎಲ್ಲರೂ ಗಣಿಗೆ ಇಳಿಯುವವರು. ಯುದ್ಧದ ಕಾಲ, ವೇಲ್ಸ್‌ಗೆ ಹೋಗಿ ಚಿತ್ರೀಕರಿಸುವ ಮಾತೇ ಇರಲಿಲ್ಲ. ಹಾಗಾಗಿ ಇಡೀ ಊರನ್ನು ಕ್ಯಾಲಿಫೋರ್ನಿಯಾದ ಬೆಟ್ಟದಲ್ಲಿ ಕಟ್ಟಿದರು.

ನಾವು ಕೆಜಿಎಫ್‌ನವರು. ಅಪ್ಪ ಚಾಂಪಿಯನ್ ರೀಫ್ ಗಣಿಯಲ್ಲಿದ್ದರು. ಅಮ್ಮನಿಗೆ ಇಂಗ್ಲಿಷ್ ಬಾರದು. ಅಂದು ಸುಮ್ನೆ ಬಂದು ನನ್ನ ಪಕ್ಕ ಕೂತರು. ತೆರೆಯ ಮೇಲೆ ಊರಿನ ಮೇಲುಗಡೆ ಗಣಿಯ ಕಪ್ಪು ಕಸದ ದಿಬ್ಬ ಬೆಳೆಯುತ್ತಾ ಹೋಗುವುದು ಕಂಡಿತು. "ನಮ್ಮ ಸೈನೈಡ್ ಗುಡ್ಡ ಇದ್ದ ಹಾಗೇ ಇದೆಯಲ್ಲೋ" ಅಂದರು. ಆಮೇಲೆ ಮಾತಿಲ್ಲ. ಕೊನೆಯ ಭಾಗದಲ್ಲಿ ಸೈರನ್ ಕೂಗುತ್ತದೆ. ಹೆಂಗಸರೆಲ್ಲ ಶಾಲು ಹೊದ್ದು ಗಣಿ ಬಾಯಿಗೆ ಓಡುತ್ತಾರೆ. ಯಾರ ಮನೆಯವರು ಒಳಗೆ ಸಿಕ್ಕಿಕೊಂಡಿದ್ದಾರೆ ಅಂತ ತಿಳಿಯದೆ ಕಾಯುತ್ತಾ ನಿಲ್ಲುತ್ತಾರೆ. ಅಮ್ಮ ನನ್ನ ಕೈ ಹಿಡಿದುಕೊಂಡರು. ನಮ್ಮೂರಲ್ಲಿ ಒಳಗೆ ಬಂಡೆ ಸಿಡಿಯುವುದಕ್ಕೆ ‘ಏರ್ ಬ್ಲಾಸ್ಟ್’ ಅನ್ನುತ್ತಿದ್ದರು. ಆ ದಿನಗಳಲ್ಲಿ ಅಮ್ಮ ಹಾಗೇ ಹೋಗಿ ನಿಂತವರು. ಅವರಿಗೆ ಸಬ್‌ಟೈಟಲ್ ಬೇಕಾಗಲಿಲ್ಲ.

ಇಷ್ಟಾಗಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಆ ಚಿತ್ರವನ್ನು ಬಿಡಿಯಾಗಿಯೇ ಕೊಳ್ಳಬಹುದಿತ್ತು. ಪೆಟ್ಟಿಗೆಯ ಮಹತ್ವ ತಿಳಿದದ್ದು ಎರಡು ವಾರ ಬಿಟ್ಟು. ಹೆಸರಾದವು ಮುಗಿದ ಮೇಲೆ, ಉಳಿದದ್ದರಲ್ಲಿ ಒಂದು ಅಂತ ‘ಪಿಲ್‌ಗ್ರಿಮೇಜ್’ ಹಾಕಿದೆ. 1933ರ ಚಿತ್ರ. ನಾನು ಹೆಸರೇ ಕೇಳಿರಲಿಲ್ಲ.

ಹಳ್ಳಿಯ ವಿಧವೆ ತಾಯಿ, ಒಬ್ಬನೇ ಮಗ. ಮಗ ಪಕ್ಕದ ಹುಡುಗಿಯನ್ನು ಪ್ರೀತಿಸುತ್ತಾನೆ. ಅವಳ ಕೈಗೆ ಮಗನನ್ನು ಕೊಡಲು ಮನಸ್ಸಿಲ್ಲದ ತಾಯಿ ತಾನೇ ಹೋಗಿ ಅವನನ್ನು ಸೈನ್ಯಕ್ಕೆ ಸೇರಿಸುತ್ತಾಳೆ. ಅವನು ಫ್ರಾನ್ಸ್‌ನ ಕಂದಕದಲ್ಲಿ ಸಾಯುತ್ತಾನೆ. ಹುಡುಗಿಗೆ ಮಗು ಆಗಿರುತ್ತದೆ. ಮೊಮ್ಮಗ ಅದೇ ಊರಲ್ಲಿ ಕಣ್ಣೆದುರೇ ಬೆಳೆಯುತ್ತಿದ್ದರೂ ಈ ಅಜ್ಜಿ ಮುಖ ತಿರುಗಿಸಿಕೊಂಡೇ ಇರುತ್ತಾಳೆ, ವರ್ಷಗಟ್ಟಲೆ. ಆಗ ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡ ತಾಯಂದಿರನ್ನು ಅಮೆರಿಕ ಸರ್ಕಾರವೇ ಖರ್ಚು ಹಾಕಿ ಯುರೋಪಿನ ಸಮಾಧಿಗಳಿಗೆ ಕರೆದುಕೊಂಡು ಹೋಗುತ್ತಿತ್ತು. ಇದು ನಿಜವಾಗಿ ನಡೆದದ್ದು. 1930ರಿಂದ 1933ರವರೆಗೆ 6 ಸಾವಿರಕ್ಕೂ ಹೆಚ್ಚು ಹೆಂಗಸರು ಹೀಗೆ ಹೋಗಿಬಂದರು. ನಮ್ಮ ಕಥೆಯ ತಾಯಿಯೂ ಹೋಗುತ್ತಾಳೆ. ಉಳಿದವರೆಲ್ಲ ತಮ್ಮ ಮಕ್ಕಳ ಬಗ್ಗೆ ಹೆಮ್ಮೆಯಿಂದ ಮಾತಾಡುವಾಗ ಇವಳೊಬ್ಬಳ ಎದೆಯಲ್ಲಿ ಬೇರೆಯೇ ಲೆಕ್ಕ ನಡೆದಿರುತ್ತದೆ. ಹೆನ್ರಿಯೆಟಾ ಕ್ರಾಸ್‌ಮನ್ ಎಂಬ ನಟಿ ಮಾಡಿದ ಪಾತ್ರ. ಅವರ ಬಿಗಿದ ದವಡೆ ನನಗೆ ಇನ್ನೂ ಮರೆತಿಲ್ಲ. ಮಗನ ಸಮಾಧಿಯ ಮುಂದೆ ಅದು ಸಡಿಲವಾಗುವ ಗಳಿಗೆ ಬರುತ್ತದೆ. ಅಮ್ಮ ಅದನ್ನು ಮೂರು ಸಲ ನೋಡಿದರು. ಪ್ರತಿ ಸಲವೂ "ಯಾಕಿಷ್ಟು ಹಟ ಮಾಡಿದಳೋ ಏನೋ" ಅನ್ನುತ್ತಿದ್ದರು.

ಈ ಚಿತ್ರವನ್ನು ಯಾರು ಹುಡುಕಿಕೊಂಡು ಹೋಗುತ್ತಾರೆ ಹೇಳಿ? ಹೆಸರು ಗೊತ್ತಿದ್ದರೆ ತಾನೇ ಹುಡುಕುವುದು. ನನಗೆ ಬಾಕ್ಸ್ ಸೆಟ್ ಯಾಕೆ ಮುಖ್ಯ ಅಂದರೆ ಇದೇ ಕಾರಣಕ್ಕೆ. ಹೆಸರಾದ ಚಿತ್ರ ಹೇಗೂ ಬದುಕಿಕೊಳ್ಳುತ್ತದೆ. ಅದರ ಪಕ್ಕ ಕೂತು ಬಂದ, ಯಾರೂ ಕೇಳದ ಚಿತ್ರಕ್ಕೆ ಆ ಪೆಟ್ಟಿಗೆಯೇ ಮನೆ. ಮದುವೆಮನೆಗೆ ಒಬ್ಬರನ್ನು ಕರೆದರೆ ಜೊತೆಗೆ ಬಂದವರನ್ನೂ ಕೂರಿಸಿ ಬಡಿಸುತ್ತೇವಲ್ಲ, ಹಾಗೆ. ಸ್ಟ್ರೀಮಿಂಗ್ ಆಪ್‌ಗಳಲ್ಲಿ ಕರೆದವರಿಗೆ ಮಾತ್ರ ಎಲೆ.

ವಾಲ್ ಲೂಟನ್ ಅವರ ಹಾರರ್ ಚಿತ್ರಗಳ ಸೆಟ್ ಇನ್ನೊಂದು ಉದಾಹರಣೆ. 2005ರಲ್ಲಿ ಬಂದದ್ದು, 5 ಡಿಸ್ಕ್‌ನಲ್ಲಿ 9 ಚಿತ್ರ. ಲೂಟನ್ ನಿರ್ದೇಶಕರಲ್ಲ, ಆರ್‌ಕೆಒ ಸ್ಟುಡಿಯೊದಲ್ಲಿ ನಿರ್ಮಾಪಕರು. ಸ್ಟುಡಿಯೊದವರು ಮೊದಲು ಹೆಸರು ಕೊಡುತ್ತಿದ್ದರು, ಆ ಹೆಸರಿಗೆ ತಕ್ಕ ಕಥೆ ಇವರು ಮಾಡಿಕೊಳ್ಳಬೇಕು. ಒಂದೂವರೆ ಲಕ್ಷ ಡಾಲರ್ ಮೀರಬಾರದು, 75 ನಿಮಿಷ ದಾಟಬಾರದು. ‘ಕ್ಯಾಟ್ ಪೀಪಲ್’ ಎಲ್ಲರಿಗೂ ಗೊತ್ತು. ಈಜುಕೊಳದ ಗೋಡೆಯ ಮೇಲೆ ನೀರಿನ ಬೆಳಕು ಆಡುತ್ತದೆ, ಎಲ್ಲೋ ಗುರುಗುಟ್ಟುವ ಸದ್ದು, ಮೃಗ ಮಾತ್ರ ಸರಿಯಾಗಿ ಕಾಣಿಸುವುದೇ ಇಲ್ಲ. ಆದರೆ ಒಂಬತ್ತನ್ನೂ ಒಂದರ ಹಿಂದೆ ಒಂದು ನೋಡಿ. ನಿರ್ದೇಶಕರು ಬದಲಾದರೂ ಅದೇ ಕತ್ತಲೆ, ಅದೇ ಒಂಟಿ ನಡಿಗೆ, ಅದೇ ದುಃಖ. ಕೈ ಯಾರದ್ದು ಅಂತ ಆಗ ತಿಳಿಯುತ್ತದೆ. ಒಂದೇ ಚಿತ್ರ ನೋಡಿದವರಿಗೆ ಇದು ಸಿಗುವುದಿಲ್ಲ.

ಇನ್ನು ‘ಬೇಬಿ ಫೇಸ್’ ವಿಷಯ. ಬಾರ್ಬರಾ ಸ್ಟ್ಯಾನ್‌ವಿಕ್ ನಟಿಸಿದ 1933ರ ಚಿತ್ರ. ಬಡ ಹುಡುಗಿಯೊಬ್ಬಳು ಗಂಡಸರನ್ನು ಮೆಟ್ಟಿಲು ಮಾಡಿಕೊಂಡು ಬ್ಯಾಂಕ್ ಕಟ್ಟಡದ ಮೇಲಿನ ಮಹಡಿವರೆಗೂ ಏರುವ ಕಥೆ. ನ್ಯೂಯಾರ್ಕ್‌ನ ಸೆನ್ಸಾರ್ ಒಪ್ಪಲಿಲ್ಲ. ಕತ್ತರಿಸಿದರು. ಅವಳಿಗೆ ಬುದ್ಧಿ ಹೇಳುವ ಮುದುಕ ಚಮ್ಮಾರನ ಮಾತನ್ನೇ ಬದಲಿಸಿ ನೀತಿಬೋಧೆ ಮಾಡಿಸಿದರು. 70 ವರ್ಷ ಜಗತ್ತು ನೋಡಿದ್ದು ಆ ಕತ್ತರಿಸಿದ ಚಿತ್ರವನ್ನೇ. 2004ರಲ್ಲಿ ಅಮೆರಿಕ ಸರ್ಕಾರದ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್‌ನ ಡೇಟನ್ ದಾಸ್ತಾನಿನಲ್ಲಿ ಒಂದು ನೆಗೆಟಿವ್ ಇನ್ನೊಂದಕ್ಕಿಂತ ಉದ್ದ ಇರುವುದು ಅಲ್ಲಿನವರ ಕಣ್ಣಿಗೆ ಬಿತ್ತು. ಅದೇ ಮೂಲ ರೂಪ! ಎರಡು ವರ್ಷದಲ್ಲಿ ‘ಫರ್ಬಿಡನ್ ಹಾಲಿವುಡ್’ ಸೆಟ್ಟಿನ ಮೊದಲ ಸಂಪುಟದಲ್ಲಿ ಎರಡೂ ರೂಪಗಳು ಒಟ್ಟಿಗೆ ಬಂದವು. ನಾನು ಎರಡನ್ನೂ ಒಂದೇ ಸಂಜೆ ನೋಡಿದೆ. ಐದೇ ನಿಮಿಷದ ವ್ಯತ್ಯಾಸ. ಸೆನ್ಸಾರ್ ಏನು ಮಾಡುತ್ತದೆ ಅನ್ನುವುದನ್ನು ಯಾವ ಪುಸ್ತಕವೂ ನನಗೆ ಅಷ್ಟು ಚೆನ್ನಾಗಿ ಕಲಿಸಿರಲಿಲ್ಲ.

ಈ ಚಿತ್ರಗಳು ನಮ್ಮವರೆಗೆ ಬಂದದ್ದೇ ಒಂದು ಪುಣ್ಯ. ಆಗಿನ ರೀಲು ನೈಟ್ರೇಟ್. ಬೆಂಕಿ ಹತ್ತಿದರೆ ಆರಿಸಲು ಆಗುವುದಿಲ್ಲ. 1937ರ ಜುಲೈನಲ್ಲಿ, ಸುಡುವ ಸೆಕೆಯ ದಿನಗಳಲ್ಲಿ, ನ್ಯೂಜೆರ್ಸಿಯ ಲಿಟ್ಲ್ ಫೆರಿಯಲ್ಲಿದ್ದ ಫಾಕ್ಸ್ ದಾಸ್ತಾನು ಸುಟ್ಟುಹೋಯಿತು. ಆ ಸ್ಟುಡಿಯೊದ ಮೂಕಿ ಚಿತ್ರಗಳ ಬಹುಪಾಲು ಅಲ್ಲೇ ಬೂದಿ. ಫೋರ್ಡ್ ಮಾಡಿದ ಮೂಕಿ ಚಿತ್ರಗಳಲ್ಲಿ ಹೆಚ್ಚಿನವು ಇವತ್ತು ಇಲ್ಲವೇ ಇಲ್ಲ. 2013ರಲ್ಲಿ ಲೈಬ್ರರಿ ಆಫ್ ಕಾಂಗ್ರೆಸ್ ಹೊರತಂದ ವರದಿ ಪ್ರಕಾರ ಅಮೆರಿಕದಲ್ಲಿ ತಯಾರಾದ ಸುಮಾರು 11 ಸಾವಿರ ಪೂರ್ಣ ಉದ್ದದ ಮೂಕಿ ಚಿತ್ರಗಳಲ್ಲಿ ಮೂಲ ರೂಪದಲ್ಲಿ ಉಳಿದಿರುವುದು ಶೇ. 14 ಮಾತ್ರ. ನಮ್ಮ ಮೊದಲ ಕನ್ನಡ ಟಾಕಿ, 1934ರ ‘ಸತಿ ಸುಲೋಚನ’ದ ಒಂದು ಪ್ರಿಂಟೂ ಉಳಿದಿಲ್ಲ ಅನ್ನುವುದು ನೆನಪಿದ್ದವರಿಗೆ ಈ ನೋವು ಬಿಡಿಸಿ ಹೇಳಬೇಕಿಲ್ಲ.

ಆದರೆ ಸಿಗುತ್ತವೆ ಕೂಡ. ಫೋರ್ಡ್ ಅವರ 1927ರ ‘ಅಪ್‌ಸ್ಟ್ರೀಮ್’ ನ್ಯೂಜಿಲೆಂಡ್‌ನ ಒಂದು ಸಂಗ್ರಹದಲ್ಲಿ 2009ರಲ್ಲಿ ಸಿಕ್ಕಿತು. ನನ್ನ ಪೆಟ್ಟಿಗೆ ಅಮೆರಿಕದಲ್ಲಿ ಹೊರಬಂದದ್ದು 2007ರಲ್ಲಿ, ಹಾಗಾಗಿ ಅದರಲ್ಲಿ ಇದಿಲ್ಲ. ಆ ಸುದ್ದಿ ಓದಿದ ದಿನ ಮನೆಯಲ್ಲಿ ಎಲ್ಲರಿಗೂ ಸಿಹಿ ತಂದಿದ್ದೆ.

‘ಎಲ್ಲಾ ಆನ್‌ಲೈನ್‌ನಲ್ಲೇ ಇದೆಯಲ್ಲ’ ಅನ್ನುವವರಿಗೆ ಒಂದು ಮಾತು. ಇಲ್ಲ. ಹೊಸದು ಇದೆ, ಹಳೆಯದರಲ್ಲಿ ಹೆಸರಾದದ್ದು ಒಂದಷ್ಟು ಇದೆ. ಅದೂ ಯಾವಾಗ ಹೋಗುತ್ತದೋ ಗೊತ್ತಿಲ್ಲ. ಹಳೆಯ ಚಿತ್ರಗಳಿಗೆ ಅಂತಲೇ ಶುರುವಾದ ಫಿಲ್ಮ್‌ಸ್ಟ್ರಕ್ ಅನ್ನುವ ಸೇವೆ ಅಮೆರಿಕದಲ್ಲಿ ಎರಡೇ ವರ್ಷ ನಡೆದು 2018ರ ನವೆಂಬರ್‌ನಲ್ಲಿ ಬಾಗಿಲು ಹಾಕಿತು. ನಾನೇ ಒಂದು ಆಪ್‌ನಲ್ಲಿ ಅರ್ಧ ನೋಡಿಟ್ಟ ಚಿತ್ರ ತಿಂಗಳ ಕೊನೆಗೆ ಮಾಯವಾಗಿತ್ತು. ಚಂದಾ ಕಟ್ಟುವುದು ಬಾಡಿಗೆ ಮನೆ ಇದ್ದ ಹಾಗೆ. ಮಾಲೀಕರು ಬಿಡಿ ಅಂದರೆ ಬಿಡಬೇಕು.

ಆಪ್‌ನಲ್ಲಿ ಸಿಕ್ಕರೂ ಹೆಚ್ಚಾಗಿ ಬರೀ ಚಿತ್ರ ಸಿಗುತ್ತದೆ, ಅಷ್ಟೇ. ಡಿಸ್ಕ್‌ನಲ್ಲಿ ವಿದ್ವಾಂಸರ ಕಾಮೆಂಟರಿ ಇರುತ್ತದೆ. ದೃಶ್ಯ ಓಡುತ್ತಿರುವಾಗಲೇ ಪಕ್ಕದಲ್ಲಿ ಕೂತು ಹೇಳಿದ ಹಾಗೆ. ಈ ಪದ್ಧತಿ ಶುರುವಾದದ್ದೇ 1984ರಲ್ಲಿ, ಕ್ರೈಟೀರಿಯನ್ ಎಂಬ ಡಿಸ್ಕ್ ಕಂಪನಿಯವರ ‘ಕಿಂಗ್ ಕಾಂಗ್’ ಲೇಸರ್ ಡಿಸ್ಕ್‌ನಿಂದ. ವಾರ್ನರ್‌ನವರ ಕೆಲವು ಡಿಸ್ಕ್‌ಗಳಲ್ಲಿ ಚಿತ್ರದ ಮುಂಚೆ ಆ ವರ್ಷದ ನ್ಯೂಸ್‌ರೀಲ್, ಕಾರ್ಟೂನ್, ಕಿರುಚಿತ್ರ ಹಾಕಿಕೊಳ್ಳಬಹುದು. ಟಾಕೀಸಿನಲ್ಲಿ ಫಿಲ್ಮ್ಸ್ ಡಿವಿಜನ್ ರೀಲು ಮುಗಿಯುವವರೆಗೂ ಕಡಲೆಕಾಯಿ ಬಿಡಿಸುತ್ತಾ ಕೂತವರಿಗೆ ಇದರ ಸುಖ ಗೊತ್ತು.

ಒಂದು ಪುಟ್ಟ ಸೆಟ್ಟಿನ ಬಗ್ಗೆ ಕನ್ನಡದವರಿಗೆ ಹೇಳಲೇಬೇಕು. 2011ರಲ್ಲಿ ಕ್ರೈಟೀರಿಯನ್‌ನವರು ತಮ್ಮ ಎಕ್ಲಿಪ್ಸ್ ಮಾಲೆಯಲ್ಲಿ ‘ಸಾಬು’ ಅಂತ ಮೂರು ಚಿತ್ರ ಸೇರಿಸಿ ತಂದರು. ಸಾಬು ಹುಟ್ಟಿದ್ದು 1924ರಲ್ಲಿ, ಎಚ್.ಡಿ. ಕೋಟೆ ಕಡೆಯ ಕಾರಾಪುರದಲ್ಲಿ. ಮಾವುತನ ಮಗ. ಮೈಸೂರಿಗೆ ಚಿತ್ರ ಮಾಡಲು ಬಂದ ರಾಬರ್ಟ್ ಫ್ಲಾಹರ್ಟಿ ತಂಡ ಈ ಹುಡುಗನನ್ನು ಅರಮನೆಯ ಆನೆಲಾಯದಲ್ಲಿ ಕಂಡಿತು. ಸಾಬು ನಟಿಸಿದ ‘ಎಲಿಫೆಂಟ್ ಬಾಯ್’ 1937ರಲ್ಲಿ ತೆರೆಗೆ ಬಂತು. ಕಟ್ಟುನಿಟ್ಟಾಗಿ ಹೇಳಿದರೆ ಸೆಟ್ಟಿನ ಮೊದಲೆರಡು ಚಿತ್ರ ಹಾಲಿವುಡ್‌ನವಲ್ಲ, ಲಂಡನ್‌ನವು. ಅದರಲ್ಲಿ ‘ದ ಡ್ರಮ್’ ಬ್ರಿಟಿಷರ ಪಕ್ಷಪಾತದ ಚಿತ್ರ, ಬೊಂಬಾಯಿಯಲ್ಲಿ ಜನ ಪ್ರತಿಭಟಿಸಿದ್ದು ಸರಿಯಾಗಿಯೇ ಇತ್ತು. ಮೂರನೆಯದು 1942ರ ‘ಜಂಗಲ್ ಬುಕ್’, ಹಾಲಿವುಡ್‌ನಲ್ಲೇ ಆದದ್ದು, ಟೆಕ್ನಿಕಲರ್. ಇದರ ಹಕ್ಕು ಯಾರ ಬಳಿಯೂ ಇಲ್ಲದ ಕಾರಣ ಆನ್‌ಲೈನ್‌ನಲ್ಲಿ ಎಲ್ಲೆಂದರಲ್ಲಿ ಮಸುಕು ಪ್ರಿಂಟು ಸಿಗುತ್ತವೆ. ಹಸಿರೆಲ್ಲ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಡಿಸ್ಕ್‌ನಲ್ಲಿ ಅದೇ ಕಾಡು ಹೊಳೆಯುತ್ತದೆ. ನಮ್ಮ ಕಬಿನಿ ಕಡೆಯ ಹುಡುಗ ಎಷ್ಟು ಸಲೀಸಾಗಿ ಕ್ಯಾಮೆರಾ ಎದುರು ನಗುತ್ತಾನೆ ನೋಡಿ. 39ನೇ ವಯಸ್ಸಿಗೇ ಹೋಗಿಬಿಟ್ಟರು. ಮೈಸೂರಿನಲ್ಲಿ ಎಷ್ಟು ಜನಕ್ಕೆ ಅವರ ನೆನಪಿದೆ?

ಡಿಸ್ಕ್ ಶಾಶ್ವತ ಅಂತ ನಾನು ಹೇಳುವುದಿಲ್ಲ. ಹೋದ ವರ್ಷ ಒಂದು ಕ್ರೈಂ ಚಿತ್ರಗಳ ಸೆಟ್ ತೆಗೆದರೆ ಎರಡು ಡಿಸ್ಕ್ ಅರ್ಧಕ್ಕೇ ನಿಂತವು. ಗೀರಿಲ್ಲ, ಧೂಳಿಲ್ಲ. ಒಳಗಿನ ಪದರವೇ ಕೆಟ್ಟಿತ್ತು. ಯಾವ ಕಂಪನಿಯದು ಅನ್ನುವುದು ಬೇಡ, ಬೇರೆ ಸಂಗ್ರಹಕಾರರಿಗೂ ಹೀಗಾಗಿದೆ. ನನಗೆ ಅತ್ತುಬಿಡುವಷ್ಟು ಬೇಜಾರಾಯಿತು. ಈಗ ಪ್ರತಿ ಭಾನುವಾರ ಒಂದೊಂದು ಹಳೆಯ ಡಿಸ್ಕ್ ಹಾಕಿ ಕೊನೆಯವರೆಗೂ ಓಡಿಸುತ್ತೇನೆ. ನಿಮ್ಮ ಹತ್ತಿರ ಇದ್ದರೆ ನೀವೂ ಮಾಡಿ. ಮೊದಲ ಹತ್ತು ನಿಮಿಷ ನೋಡಿ ಸರಿ ಇದೆ ಅಂತ ಒಳಗಿಡಬೇಡಿ, ತೊಂದರೆ ಜಾಸ್ತಿ ಕಾಣುವುದು ಕೊನೆಯ ಭಾಗದಲ್ಲೇ. ಡಿಸ್ಕನ್ನು ನಿಲ್ಲಿಸಿಡಿ, ಮಲಗಿಸಿ ಪೇರಿಸಬೇಡಿ. ಮಳೆಗಾಲದಲ್ಲಿ ಕಪಾಟಿಗೆ ಗಾಳಿ ಆಡಲಿ. ಹೊಸದಾಗಿ ಶುರು ಮಾಡುವವರು ಒಂದೇ ಹೆಸರಾದ ಚಿತ್ರದ ದುಬಾರಿ ಅಲಂಕಾರದ ಪೆಟ್ಟಿಗೆಗೆ ದುಡ್ಡು ಹಾಕಬೇಡಿ. ನೀವು ಹೆಸರೇ ಕೇಳದ ನಾಲ್ಕು ಚಿತ್ರ ಇರುವ ಸೆಟ್ ತಗೊಳ್ಳಿ. ಹಳೆಯ ಸೆಟ್ ಮಾರುವವರು ಸಿಕ್ಕರೆ ಬಿಡಬೇಡಿ, ‘ಫೋರ್ಡ್ ಅಟ್ ಫಾಕ್ಸ್’ ಥರದವು ಮತ್ತೆ ಅಚ್ಚಾಗುತ್ತಿಲ್ಲ.

ಅಮ್ಮ ಈಗಿಲ್ಲ. ‘ಪಿಲ್‌ಗ್ರಿಮೇಜ್’ ಡಿಸ್ಕ್ ಮೊನ್ನೆ ಭಾನುವಾರ ಹಾಕಿ ನೋಡಿದೆ, ಕೊನೆಯವರೆಗೂ ಸರಿಯಾಗಿ ಓಡಿತು. ಬರುವ ಶನಿವಾರ ಸಂಜೆ ಆರಕ್ಕೆ ಮನೆಯಲ್ಲಿ ಮತ್ತೆ ಹಾಕುತ್ತಿದ್ದೇನೆ. ಹತ್ತು ಜನರಿಗೆ ಜಾಗ ಇದೆ. ಬರುವವರು ಇನ್‌ಬಾಕ್ಸ್‌ನಲ್ಲಿ ತಿಳಿಸಿ, ಮಕ್ಕಳನ್ನೂ ಕರೆತನ್ನಿ. ಮಾತೆಲ್ಲ ಇಂಗ್ಲಿಷ್‌ನಲ್ಲಿದೆ. ಅರ್ಥವಾಗದವರು ನನ್ನ ಪಕ್ಕ ಕೂತುಕೊಳ್ಳಿ, ಕನ್ನಡದಲ್ಲಿ ಹೇಳುತ್ತಾ ಹೋಗುತ್ತೇನೆ. ಆ ಚಿತ್ರವನ್ನು ಹಾಗೆ ಹೇಳಿ ನನಗೆ ಅಭ್ಯಾಸ ಇದೆ.