ಜಗಲಿಗೆ ಯಂತ್ರ ಇಟ್ಟ ಹೆಸರು

ಫಿನ್‌ಲೆಂಡಿನ ಎಸ್ಪೊ ನಗರದಲ್ಲಿ ನಮ್ಮ ನೆರೆಯಲ್ಲಿರುವ ಸಾಗರದ ಹುಡುಗಿಯೊಬ್ಬಳು ಕಂಪ್ಯೂಟರ್ ವಿಜ್ಞಾನದ ವಿದ್ಯಾರ್ಥಿನಿ. ಮನೆಯೊಳಗೆ ಜನ ಎಲ್ಲಿ ಕೂರುತ್ತಾರೆ, ಹೇಗೆ ಓಡಾಡುತ್ತಾರೆ ಎಂಬುದನ್ನು ಅರಿತು ನಕ್ಷೆ ತಿದ್ದಬಲ್ಲ ಕೃತಕ ಬುದ್ಧಿಮತ್ತೆ ಅವಳ ಸಂಶೋಧನೆಯ ವಿಷಯ. ಹೋದ ತಿಂಗಳು ಊಟಕ್ಕೆ ಬಂದಾಗ, ತೀರ್ಥಹಳ್ಳಿ ಬಳಿಯ ನಮ್ಮ ಹಳೆಯ ಮನೆಯ ನಕ್ಷೆಯನ್ನು ನೆನಪಿನಿಂದ ಬರೆದುಕೊಟ್ಟೆ. ಅವಳ ತಂತ್ರಾಂಶ ಜಗಲಿಯನ್ನು ‘ಹೊರಾಂಗಣ’ ಎಂದಿತು, ದೇವರ ಮನೆಯನ್ನು ‘ಉಗ್ರಾಣ’ ಎಂದಿತು. ಅಜ್ಜ ಕೊನೆಯ ಹತ್ತು ವರ್ಷ ಹಗಲೆಲ್ಲ ಕಳೆದ ಜಾಗ ಮನೆಯ ಲೆಕ್ಕದಿಂದಲೇ ಆಚೆ ಹೋದದ್ದು ನನಗೆ ಚುಚ್ಚಿತು.

ಯಂತ್ರ ಕಲಿತದ್ದನ್ನೇ ಹೇಳುತ್ತದೆ ಎಂದು ಅವಳು ವಿವರಿಸಿದಳು. ಅದು ಕಲಿತದ್ದು 2019ರಲ್ಲಿ ಪ್ರಕಟವಾದ ಕ್ಯೂಬಿಕಾಸಾ5ಕೆ ಎಂಬ ಸಂಗ್ರಹದಿಂದ. ಅದರಲ್ಲಿರುವ 5000 ಮನೆ ನಕ್ಷೆಗಳಲ್ಲಿ ಹೆಚ್ಚಿನವು ಫಿನ್‌ಲೆಂಡಿನವು. ಅಡುಗೆಮನೆ, ಮಲಗುವ ಕೋಣೆ, ಬಚ್ಚಲು, ಗ್ಯಾರೇಜು ಮುಂತಾದ ಕೆಲವೇ ಬಗೆಯ ಜಾಗಗಳನ್ನು ಗುರುತಿಸಲು ಯಂತ್ರಕ್ಕೆ ಕಲಿಸಿದ್ದಾರೆ. ಆದರೆ ಕಿಟಕಿ, ಬಾಗಿಲು, ಸಿಂಕುಗಳ ಪಟ್ಟಿಯಲ್ಲಿ ‘ಸೌನಾದ ಬೆಂಚು’ ಎಂಬ ಪ್ರತ್ಯೇಕ ಹೆಸರಿದೆ! ಸೌನಾ ಎಂದರೆ ಬಿಸಿ ಹಬೆಯಲ್ಲಿ ಕೂರುವ ಇಲ್ಲಿನ ಸ್ನಾನದ ಕೋಣೆ. ಐವತ್ತೈದು ಲಕ್ಷಕ್ಕೂ ಹೆಚ್ಚು ಜನರಿಗೆ ಸುಮಾರು ಮೂವತ್ತು ಲಕ್ಷ ಸೌನಾಗಳಿರುವ ದೇಶದಲ್ಲಿ, ಬೆವರುತ್ತಾ ಕೂರುವ ಮರದ ಹಲಗೆಯನ್ನೂ ಯಂತ್ರಕ್ಕೆ ಪರಿಚಯಿಸಲು ಅವರು ಮರೆಯಲಿಲ್ಲ.

ಇದು ಇಲ್ಲಿನವರ ಹಳೆಯ ಅಭ್ಯಾಸವೆಂದು ನನಗನ್ನಿಸುತ್ತದೆ. 1933ರಲ್ಲಿ ಪೂರ್ಣಗೊಂಡ ಪೈಮಿಯೊ ಕ್ಷಯರೋಗ ಆಸ್ಪತ್ರೆಯಲ್ಲಿ ವಾಸ್ತುಶಿಲ್ಪಿ ಆಲ್ವಾರ್ ಆಲ್ಟೊ, ಮಲಗಿಯೇ ಇರುವ ರೋಗಿಯ ಕಣ್ಣಿಗೆ ಚುಚ್ಚದಂತೆ ದೀಪಗಳನ್ನು ಇರಿಸಿದರು. ಪಕ್ಕದ ಮಂಚದವನ ನಿದ್ದೆ ಕೆಡದಂತೆ, ನೀರು ಸದ್ದಿಲ್ಲದೆ ಜಾರುವ ಕೈತೊಳೆಯುವ ಬೋಗುಣಿಯನ್ನು ರೂಪಿಸಿದರು. ಆ ಹುಡುಗಿ ಇವತ್ತು ಯಂತ್ರಕ್ಕೆ ಕಲಿಸಲು ಹೊರಟಿರುವುದೂ ಇಂಥ ಗಮನವನ್ನೇ.

ನಮ್ಮಲ್ಲಿ ಯಾರು ಯಾರನ್ನು ಕೇಳುತ್ತಾರೆ? ಆರು ವರ್ಷದ ಹಿಂದೆ ಶಿವಮೊಗ್ಗದಲ್ಲಿ ಮನೆ ಕಟ್ಟಿಸಿದಾಗ ಬಾಗಿಲು ಯಾವ ದಿಕ್ಕಿಗೆ, ಒಲೆ ಯಾವ ಮೂಲೆಗೆ ಎಂದು ಎರಡು ತಿಂಗಳು ಚರ್ಚೆ ನಡೆಯಿತು. ದಿನಕ್ಕೆ ಐದು ಗಂಟೆ ಅಲ್ಲೇ ನಿಲ್ಲುವ ಅಮ್ಮನ ಎತ್ತರವನ್ನು ಮಾತ್ರ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಅಡುಗೆ ಕಟ್ಟೆ ಅವರ ಮೊಣಕೈಗಿಂತ ಮೇಲಿದೆ. ಚಪಾತಿ ಲಟ್ಟಿಸುವಾಗ ಈಗಲೂ ಮಣೆ ಹತ್ತಿ ನಿಲ್ಲುತ್ತಾರೆ. ಯಂತ್ರಕ್ಕೆ ಕಲಿಸೋಣವೆಂದರೆ ನಂಬುವಂಥ ನಕ್ಷೆಗಳೂ ನಮ್ಮಲ್ಲಿಲ್ಲ. ಲೈಸೆನ್ಸಿಗೆ ಮತ್ತು ಬ್ಯಾಂಕಿನ ಸಾಲಕ್ಕೆ ಕೊಟ್ಟ ನಕ್ಷೆ ಒಂದು, ಎದ್ದು ನಿಂತ ಮನೆ ಇನ್ನೊಂದು. ಸಾಫ್ಟ್‌ವೇರ್ ಎಂಜಿನಿಯರುಗಳು ಮನೆಗೊಬ್ಬರಂತೆ ಇರುವ ನಾಡಿನ ಜಗಲಿ, ಅಟ್ಟ, ಹಿತ್ತಲುಗಳನ್ನು ಒಂದೆಡೆ ಸೇರಿಸುವ ಕೆಲಸ ಇನ್ನೂ ನಮಗೆ ತುರ್ತು ಎನ್ನಿಸದಿರುವುದು ನನ್ನನ್ನು ಕಾಡುತ್ತದೆ.

ಇಷ್ಟೆಲ್ಲ ದೂರಿದ ಮೇಲೂ ಒಂದು ಮಾತನ್ನು ಒಪ್ಪಬೇಕು. ಹಳೆಯ ಮನೆಯ ಜಗಲಿಯನ್ನು ಕಟ್ಟುವಾಗ ಮೇಸ್ತ್ರಿ, ಆಗಲೇ ಮಂಡಿನೋವಿದ್ದ ಮುತ್ತಜ್ಜಿಯನ್ನು ಕಲ್ಲಿನ ಮೇಲೆ ಕೂರಿಸಿ, ಕೈ ಊರದೆ ಏಳುವಷ್ಟಕ್ಕೆ ಎತ್ತರ ನಿಲ್ಲಿಸಿದನಂತೆ. ಎಸ್ಪೊದ ನನ್ನ ಫ್ಲಾಟಿನಲ್ಲಿ ಬೆಚ್ಚಗಿನ ಗೋಡೆ, ಮೂರು ಪದರದ ಗಾಜು ಎಲ್ಲವೂ ಇವೆ. ದಾರಿಹೋಕರೊಡನೆ ಎರಡು ಮಾತಾಡುತ್ತಾ ಎಲೆ ಅಡಿಕೆ ಹಾಕಿಕೊಂಡು ಕೂರುವ ಜಾಗ ಇಲ್ಲ.

ಮೊನ್ನೆ ಆ ಹುಡುಗಿ ಫೋನಿನಲ್ಲಿ ಅಮ್ಮನಿಂದ ಹಳೆಯ ಮನೆಯ ಅಳತೆಗಳನ್ನು ಕೇಳಿ ಬರೆದುಕೊಂಡಳು. ಒಂದು ಮನೆಯಿಂದ ಯಂತ್ರ ಏನನ್ನೂ ಕಲಿಯದು, ನೂರಾರು ಬೇಕು ಎಂದು ಅವಳೇ ಹೇಳಿದಳು. ಅಮ್ಮ ಮಾತ್ರ ಮುಕ್ಕಾಲು ಗಂಟೆ ಬಿಡಲಿಲ್ಲ. “ಒಳಜಗಲಿ ಬೇರೆ, ಹೊರಜಗಲಿ ಬೇರೆ, ಎರಡನ್ನೂ ಸೇರಿಸ್ಬೇಡ ಮಗಳೇ. ಬಚ್ಚಲ ಒಲೆ ಬರ್ಕೊಂಡ್ಯಾ?”