ಬೆಂಗಳೂರಿಗೆ ಹಿಮ ಯಾಕ್ರೀ ಬೇಕು?

ಇವತ್ತು ಕಲ್‌ಕಲ್ ಅನ್ನೋ ಕ್ರಿಸ್‌ಮಸ್ ಸಿಹಿತಿಂಡಿಗೆ ಕಲಸಿಟ್ಟ ಮೈದಾ ಹಿಟ್ಟಲ್ಲಿ ಥರ್ಮಾಕೋಲ್ ಕಾಳು ಸಿಕ್ಕಿತು. ಸಾಕಾಗಿ ಹೋಯ್ತು ನನಗೆ! ಪ್ರತಿ ಕ್ರಿಸ್‌ಮಸ್‌ಗೂ ಇದೇ ಗೋಳು. ನಮ್ಮನೆಯವರಿಗೆ ಮನೆಯೊಳಗೆ ಥರ್ಮಾಕೋಲ್ ಹಿಮ ಬೀಳಲೇಬೇಕಂತೆ. ಡಿಸೆಂಬರ್ ರಾತ್ರಿಯಲ್ಲೂ 16 ಡಿಗ್ರಿ ಆಸುಪಾಸಲ್ಲಿರೋ ಊರಿಗೆ ಎಲ್ಲಿಯ ಹಿಮ?

ಫ್ಯಾನ್ ಹಾಕಿದ್ರೆ ಆ ಬಿಳಿ ಕಾಳು ಮನೆಯೆಲ್ಲ ಹಾರುತ್ತೆ. ಗುಡಿಸಿದ್ರೆ ಪೊರಕೆಗೇ ಅಂಟುತ್ತೆ, ಒರೆಸಿದ್ರೆ ಕೈಗೆ, ಕೈಯಿಂದ ಸೀರೆಗೆ. ಯುಗಾದಿ ಬಂದ್ರೂ ಸೋಫಾ ಸಂದಿಯಿಂದ ಉದುರ್ತಾನೇ ಇರುತ್ತೆ! ಈ ಸಲ ಬಾಲಯೇಸುವಿನ ಗೋದಲಿಗೂ ಹತ್ತಿ ಮೆತ್ತಿದ್ದಾರೆ. ನಾವು ಚಿಕ್ಕವರಿದ್ದಾಗ ಬಟ್ಟಲಲ್ಲಿ ರಾಗಿ ಪೈರು ಬೆಳೆಸಿ ಇಡ್ತಿದ್ವಲ್ಲ, ಎಷ್ಟು ಚೆಂದ ಇತ್ತು, ಆ ಹಸಿರಿಗೆ ಏನು ಕಡಿಮೆಯಾಗಿತ್ತು?

ಅಡುಗೆಮನೆ ಕಡೆ ಮಾತ್ರ ಒಬ್ಬರೂ ತಲೆ ಹಾಕಲ್ಲ. ರಸೆಲ್ ಮಾರ್ಕೆಟ್ ನೂಕುನುಗ್ಗಲಲ್ಲಿ ಒಣದ್ರಾಕ್ಷಿ, ಗೋಡಂಬಿ ತಂದು ರಮ್ಮಲ್ಲಿ ನೆನೆಸೋಳು ನಾನು. ರೋಸ್ ಕುಕೀಸ್ ಅಚ್ಚು ಹಿಡಿದು ಕಾದ ಎಣ್ಣೆ ಮುಂದೆ ಬೇಯೋಳೂ ನಾನೇ. ಫೋರ್ಕ್ ಹಿಂದೆ ಒತ್ತಿ ನಾಲ್ಕು ಕಲ್‌ಕಲ್ ಸುತ್ತಿಕೊಡ್ರೋ ಅಂದ್ರೆ ಎಲ್ಲರೂ ಥರ್ಮಾಕೋಲ್ ಮುಂದೆ ಸೆಲ್ಫಿ ತೆಗೀತಾ ನಿಂತಿರ್ತಾರೆ! ಹಿಟ್ಟು ಪೂರ್ತಿ ಕಸಕ್ಕೆ ಹೋಯ್ತು. ಹೊಸದಾಗಿ ಕಲಸೋರು ಯಾರು?