ನೇಣು ಹಿಡಿಯುವ ಕೆಲಸ

ಸ್ವಲ್ಪ ಉದ್ದ ಆಗಿದೆ. ಪುರುಸೊತ್ತಿದ್ದವರು ಓದಿ.

ಕಳೆದ ಶನಿವಾರ ಬೆಳಿಗ್ಗೆ ಅಕ್ಕನ ಮಗ ಬೆಂಗಳೂರಿನಿಂದ ಬಂದಿಳಿದ. ಹಬ್ಬ ಇಲ್ಲ, ಮದುವೆ ಮುಂಜಿ ಇಲ್ಲ, ಸುಮ್ನೆ ಬಂದೆ ಅಂದ. ಶಿರಸಿ ಕಡೆಯವರಿಗೆ ಗೊತ್ತು, ಬೆಂಗಳೂರಿನ ಹುಡುಗರು ಸುಮ್ನೆ ಬರುವುದಿಲ್ಲ. ಮಧ್ಯಾಹ್ನ ಊಟ ಆದ ಮೇಲೆ ನನ್ನ ಕಂಪ್ಯೂಟರ್ ಪಕ್ಕ ಕುರ್ಚಿ ಎಳೆದುಕೊಂಡು ಕೂತ. "ಚಿಕ್ಕಿ, ಮುಂದೆ ಎಂತ ಮಾಡವು ಹೇಳೇ ಗೊತ್ತಾಗ್ತಿಲ್ಲೆ" ಅಂದ.

ಅವನದು ಟೆಸ್ಟಿಂಗ್ ಕೆಲಸ, ಅಂದರೆ ಬೇರೆಯವರು ಬರೆದ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವುದು. ಸೇರಿದಾಗ ಟೀಮಿನಲ್ಲಿ ಎಂಟು ಜನ ಇದ್ದರು. ಈಗ ಮೂರು. ಯಾರನ್ನೂ ಕರೆದು ಹೊರಗೆ ಹಾಕಲಿಲ್ಲವಂತೆ. ಬಿಟ್ಟು ಹೋದವರ ಜಾಗಕ್ಕೆ ಹೊಸಬರನ್ನು ತೆಗೆದುಕೊಳ್ಳಲಿಲ್ಲ, ಅಷ್ಟೇ. ಟೆಸ್ಟ್ ಕೇಸ್‌ಗಳನ್ನು ಈಗ ಎಐ ಬರೆಯುತ್ತದೆ, ಇವನು ಸರಿ ಇದೆಯಾ ಅಂತ ನೋಡುತ್ತಾನೆ.

ನನಗೆ ನಗು ಬಂತು. ನನ್ನದೂ ಅದೇ ಕಥೆ ಅಲ್ವಾ! ಹನ್ನೊಂದು ವರ್ಷದಿಂದ ಮನೆಯಲ್ಲೇ ಕೂತು ಬೆಂಗಳೂರಿನ ಏಜೆನ್ಸಿಯೊಂದಕ್ಕೆ ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತಿದ್ದೇನೆ. ಆ್ಯಪ್‌ಗಳು, ಬ್ಯಾಂಕಿನ ಫಾರಂ, ವಿಮೆಯ ನಿಯಮ, ಇಂಥವೇ. ಮೊದಮೊದಲು ಯಂತ್ರದ ಕನ್ನಡ ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಬ್ಯಾಂಕ್ ಬ್ಯಾಲೆನ್ಸ್ ಇದ್ದಲ್ಲಿ ‘ಸಮತೋಲನ’, ಟಿಕೆಟ್ ಬುಕ್ ಮಾಡಿ ಅನ್ನುವಲ್ಲಿ ‘ಪುಸ್ತಕ’. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು, ಆಮೇಲೆ ನಗು ಮೆಲ್ಲಗೆ ನಿಂತಿತು. ಈಗ ಅನುವಾದ ಮಾಡಿಯೇ ಫೈಲ್ ಕಳಿಸುತ್ತಾರೆ, ನಾನು ತಿದ್ದಿದರೆ ಸಾಕು. ದರ ಅರ್ಧ. ಸಮಯ ಅರ್ಧ ಆಗಿದೆಯಾ ಅಂದರೆ ಇಲ್ಲ, ಅದು ಬೇರೆ ವಿಷಯ.

ಮೊನ್ನೆ ಒಂದು ಸಾಲದ ಆ್ಯಪ್‌ನ ಫೈಲ್ ಬಂದಿತ್ತು. ಒಳ್ಳೆ ಕನ್ನಡ, ವಿಭಕ್ತಿ ಎಲ್ಲ ಸರಿ, ಓದಿಕೊಂಡು ಹೋದರೆ ಎಲ್ಲೂ ಎಡವುವುದಿಲ್ಲ. ಅದರೊಳಗೆ ಒಂದು ಸಾಲು, ‘5ನೇ ತಾರೀಕಿನ ನಂತರ ಕಂತು ಕಟ್ಟಿ, ದಂಡ ತಪ್ಪಿಸಿ’. ಇರಬೇಕಾದ್ದು ‘5ನೇ ತಾರೀಕಿನೊಳಗೆ’. ಆ ಸಾಲು ನಂಬಿದವನು ದಂಡ ಕಟ್ಟಿಯೇ ಸಾಯಬೇಕು. ಸಮತೋಲನ, ಪುಸ್ತಕ ಆದರೆ ಯಾರ ಕಣ್ಣಿಗೂ ಬೀಳುತ್ತಿತ್ತು. ಇದು ಬೀಳುವುದಿಲ್ಲ. ನನಗೆ ಬಿತ್ತು, ಯಾಕೆಂದರೆ ಅಂಥ ಸಾವಿರ ಸಾಲುಗಳನ್ನು ನಾನೇ ಕೈಯಾರೆ ಬರೆದಿದ್ದೇನೆ, ಬೈಸಿಕೊಂಡಿದ್ದೇನೆ, ಮತ್ತೆ ಬರೆದಿದ್ದೇನೆ.

ನಮ್ಮ ತೋಟಕ್ಕೆ ಬರುವ ಕೊನೆಗೌಡರ ವಿಷಯ ಹೇಳುತ್ತೇನೆ. ಅಡಿಕೆ ಮರ ಹತ್ತಿ ಕೊನೆ, ಅಂದರೆ ಅಡಿಕೆಯ ಗೊನೆ, ಕೊಯ್ಯುವವರು, ಮಳೆಗಾಲಕ್ಕೆ ಕೊಳೆರೋಗದ ಔಷಧಿ ಹೊಡೆಯುವವರು. ಒಂದು ಮರ ಹತ್ತಿದರೆ ಅದನ್ನೇ ಬಾಗಿಸಿ ಪಕ್ಕದ ಮರಕ್ಕೆ ದಾಟುತ್ತಾರೆ, ಕೆಳಗೆ ನಿಂತು ನೋಡುವ ನನಗೆ ಎದೆ ಧಸಕ್ ಅನ್ನುತ್ತದೆ. ಅವರು ಅದನ್ನು ಕಲಿತದ್ದು ಎಲ್ಲಿ? ಮೊದಲು ಉದುರಡಿಕೆ ಹೆಕ್ಕುವುದು. ಆಮೇಲೆ ಅಪ್ಪ ಕೊಯ್ದು ಬಿಟ್ಟ ಕೊನೆಗೆ ಕೆಳಗೆ ನೇಣು ಹಿಡಿಯುವುದು. (ಘಟ್ಟದ ಆಚೆಯವರು ಗಾಬರಿ ಆಗಬೇಡಿ, ನಮ್ಮಲ್ಲಿ ನೇಣು ಅಂದರೆ ಕೊನೆ ಇಳಿಸುವ ಹಗ್ಗ.) ನೇಣು ಹಿಡಿದವನ ಕುತ್ತಿಗೆ ಇಡೀ ದಿನ ಮೇಲೆಯೇ ಇರುತ್ತದೆ. ಅಪ್ಪ ಕಾಲು ಎಲ್ಲಿಟ್ಟ, ಯಾವ ಕೊನೆ ಬಿಟ್ಟ, ಎಲ್ಲ ನೋಡುತ್ತಾನೆ. ಆಮೇಲೆ ಗಿಡ್ಡ ಮರ, ಆಮೇಲೆ ಎತ್ತರದ್ದು.

ಬೆಂಗಳೂರಿನಲ್ಲಿ ಎಐ ತಿನ್ನುತ್ತಿರುವುದು ಈ ನೇಣು ಹಿಡಿಯುವ ಕೆಲಸವನ್ನು ಅಂತ ನನಗೆ ಅನ್ನಿಸುತ್ತದೆ. ಮರ ಹತ್ತುವವನು ಇನ್ನೂ ಬೇಕು, ಕೆಳಗೆ ನಿಂತವನು ಬೇಡ. ಇವತ್ತಿನ ಲೆಕ್ಕಕ್ಕೆ ಸರಿ. ಹತ್ತು ವರ್ಷ ಬಿಟ್ಟು ಹತ್ತುವವನು ಎಲ್ಲಿಂದ ಬರುತ್ತಾನೆ?

ಎಲ್ಲದಕ್ಕೂ ಎಐ ಕಡೆ ಬೆರಳು ತೋರಿಸುವುದೂ ತಪ್ಪು. 2023-24ರ ಒಂದೇ ವರ್ಷದಲ್ಲಿ ಟಿಸಿಎಸ್, ಇನ್ಫೋಸಿಸ್, ವಿಪ್ರೋ ಮೂರರಲ್ಲೂ ಸೇರಿ 60 ಸಾವಿರಕ್ಕಿಂತ ಜಾಸ್ತಿ ಜನ ಕಡಿಮೆಯಾದರು. ಅದಕ್ಕೆ ದೊಡ್ಡ ಕಾರಣ, ಕೊರೊನಾ ಕಾಲದಲ್ಲಿ ಸಿಕ್ಕಾಪಟ್ಟೆ ಜನರನ್ನು ತೆಗೆದುಕೊಂಡಿದ್ದರು, ಆಮೇಲೆ ಅಮೆರಿಕ, ಯುರೋಪಿನ ಗಿರಾಕಿಗಳು ಕೈ ಬಿಗಿ ಮಾಡಿದರು. 2025ರ ಜುಲೈನಲ್ಲಿ ಟಿಸಿಎಸ್ ಶೇ. 2ರಷ್ಟು, ಅಂದರೆ ಸುಮಾರು 12 ಸಾವಿರ ಜನರನ್ನು ಕಡಿಮೆ ಮಾಡುತ್ತೇವೆ ಎಂದಾಗಲೂ ಅದು ಎಐ ಕಾರಣಕ್ಕಲ್ಲ ಎಂದಿತು. ಅದರಲ್ಲಿ ಹೆಚ್ಚಿನವರು ಮಧ್ಯಮ ಮತ್ತು ಹಿರಿಯ ಹಂತದವರು ಬೇರೆ. ಹಾಗಾದರೆ ಹತ್ತುವವನಿಗೂ ಭರವಸೆ ಇಲ್ಲ ಅನ್ನಿ. ಇನ್ನು ಹೊಸಬರ ಸಂಬಳ ಎಐ ಹುಟ್ಟುವ ಮೊದಲಿನಿಂದಲೇ ವರ್ಷಕ್ಕೆ ಮೂರೂವರೆ ಲಕ್ಷದ ಆಸುಪಾಸಿನಲ್ಲೇ ಕೂತಿದೆ. ಅದರಲ್ಲಿ ಪಿಜಿ ಬಾಡಿಗೆ ಕಳೆದು ಊರಿಗೆ ಏನು ಕಳಿಸುತ್ತಾರೆ, ಮಕ್ಕಳನ್ನು ಕೇಳಿ ನೋಡಿ.

"ಊರಿಗೆ ಬಂದು ತೋಟ ಮಾಡಿ" ಎನ್ನುವ ಬುದ್ಧಿಮಾತು ಮಾತ್ರ ದಯವಿಟ್ಟು ಬೇಡ. ಅಕ್ಕನ ಮನೆಯದು ಒಂದು ಎಕರೆ, ಪಾಲಾಗಿ ಉಳಿದದ್ದು. ಮಳೆ ಜಾಸ್ತಿಯಾದ ವರ್ಷ ಅರ್ಧ ಬೆಳೆ ಕೊಳೆಗೇ ಹೋಗುತ್ತದೆ. ತೋಟವೇ ಇಲ್ಲದವರಿಗೆ ಈ ಮಾತು ಹೇಳುವವರ ಧೈರ್ಯ ದೊಡ್ಡದು.

ಇನ್ನೊಂದು ವಿಚಿತ್ರ ನೋಡಿ. ನಮ್ಮಲ್ಲೂ ಯಂತ್ರ ಬಂದಿದೆ. ಅಡಿಕೆ ಸುಲಿಯುವುದು ಬಂತು, ಈಗ ನೆಲದ ಮೇಲೇ ನಿಂತು ಕೊಯ್ಯುವ, ಔಷಧಿ ಹೊಡೆಯುವ ಉದ್ದದ ದೋಟಿ ಬಂದಿದೆ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ, ಯಾಕೆಂದರೆ ಕೆಲಸಕ್ಕೆ ಜನವೇ ಇರಲಿಲ್ಲ. ಹುಡುಗರೆಲ್ಲ ಹೊರಟುಹೋದ ಮೇಲೆ ಯಂತ್ರ ಬಂತು. ಅವರು ಹೋದ ಊರಿನಲ್ಲಿ ಈಗ ಯಂತ್ರ ಬಂದ ಮೇಲೆ ಹುಡುಗರು ಬೇಡವಾಗುತ್ತಿದ್ದಾರೆ. ನಮ್ಮ ಕೊನೆಗೌಡರ ಮಗನೂ ಬೆಂಗಳೂರಿನಲ್ಲೇ ಇದ್ದಾನೆ, ಡೆಲಿವರಿ ಕೆಲಸ.

ಸಂಜೆ ಅವನಿಗೆ ಆ ಸಾಲದ ಆ್ಯಪ್‌ನ ಸಾಲು ತೋರಿಸಿದೆ, ಎಲ್ಲಿ ತಪ್ಪಿದೆ ಹೇಳು ತಮಾ ಅಂದೆ. ಎರಡು ಸಲ ಓದಿದ. ಮೂರನೇ ಸಲಕ್ಕೆ ಹಿಡಿದ. ಟೆಸ್ಟಿಂಗ್‌ನವನು ಅಲ್ವಾ.

ಭಾನುವಾರ ರಾತ್ರಿ ಬಸ್ಸಿಗೆ ಬಿಡಲು ನಾನೂ ಅಕ್ಕನೂ ಹೋಗಿದ್ದೆವು. ಅಕ್ಕ ತೊಡದೇವಿನ ಡಬ್ಬಿ ಕೈಗಿಟ್ಟು, ಪುಡಿಯಾಗದ ಹಾಗೆ ತೊಡೆ ಮೇಲೆ ಇಟ್ಟುಕೋ, ಎಂಟು ಜನಕ್ಕೂ ಸಾಕಾಗುವಷ್ಟು ಇದೆ ಅಂದಳು. ಅವನು ನನ್ನ ಕಡೆ ನೋಡಿದ. "ಹೌದು ಆಯಿ, ಸಾಕಾಗ್ತು" ಅಂದು ಬಸ್ ಹತ್ತಿದ.